ಬಂಗುಡೆ ಚಂಡಮಾರುತದಲ್ಲಿ ಕಣ್ಣೂಟ

ಗಂಗೊಳ್ಳಿ
ಮೇ ೪೧, ೨೨೩೧

ಹಿಂದಿನವರಾದ ನಿಮಗೆ, ಮುಂದಿನವಳಾದ ಗುಲಾಬಿ ಕಾಂಚನ್ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಅಜ್ಜಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮಲ್ಲಿ ಮುಂಗಾರು ಬಂದು, ಕಡಲಿನ ಚಂಡಮಾರುತಗಳ ಕಾಲ ಮುಗಿಯಿತೆಂದು ಸಾರುವ ತನಕ ಮೇ ತಿಂಗಳು ಮುಗಿಯುವುದಿಲ್ಲ. ಒಂದು ವರ್ಷ ಅದು ಅರವತ್ತರವರೆಗೂ ಎಳೆದು, ಜೂನ್‌ನಲ್ಲಿ ಹುಟ್ಟಬೇಕಾದ ಮಕ್ಕಳೆಲ್ಲ ಮೇ ತಿಂಗಳಲ್ಲೇ ಹುಟ್ಟಿ, ಶಾಲೆಗೆ ಸೇರಿಸುವಾಗ ದೊಡ್ಡ ರಂಪವಾಗಿತ್ತು. ನನ್ನ ಭಾಷೆಯ ಬಗ್ಗೆಯೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾವು ಶಾಲೆಯಲ್ಲಿ ಹಳಗನ್ನಡದ ಜೊತೆಗೆ ಒಂದೇ ಪಿರಿಯಡ್ಡಿನಲ್ಲಿ ಕಲಿತವರು. ನಡುವೆ ನಮ್ಮ ಕಾಲದ ಮಾತುಗಳು ನುಸುಳಿದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಹೇಳಲು ಮರೆತರೆ ನೀವೇ ಊಹಿಸಿಕೊಳ್ಳಿ, ನಿಮಗೇನು ಬುದ್ಧಿ ಕಡಿಮೆಯೇ?

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಎಂಬತ್ತು ದಾಟಿದ ಪ್ರತಿಯೊಬ್ಬರಿಗೂ ಕಾಲದಲ್ಲಿ ಹಿಂದಕ್ಕೆ ಒಂದೇ ಒಂದು ಪತ್ರ ಕಳಿಸುವ ಹಕ್ಕಿದೆ. ಹೆಚ್ಚಿನವರು ಅದನ್ನು ತಮ್ಮ ಮುತ್ತಜ್ಜನಿಗೆ ‘ಆ ಜಾಗ ಮಾರಬೇಡ’ ಎಂದು ಬರೆಯಲು ಬಳಸುತ್ತಾರೆ. ಅಂಚೆಯವರು ಅದನ್ನು ಅಳಿಸಿಯೇ ಕಳಿಸುತ್ತಾರೆ. ಓದುವವರ ಜೀವಮಾನದಲ್ಲಿ ಆಗಬೇಕಾದ ಘಟನೆಗಳ ಊರು, ದಿನ, ಹೆಸರು ಯಾವುದನ್ನೂ ತಿಳಿಸುವ ಹಾಗಿಲ್ಲ. ಆದ್ದರಿಂದ ಯಾವ ವರ್ಷದ ಯಾವ ಗಾಳಿಗೆ ನೀವು ಹೆದರಬೇಕು ಎಂದು ನಾನು ಹೇಳಲಾರೆ. ನನ್ನ ಕೆಲಸದ ಕಥೆಯನ್ನು ಹೇಳಬಹುದು. ಹೇಳಲು ಬಿಡುವೂ ಇದೆ. ಹೊರಗೆ ಕಡಲಿನಲ್ಲಿ ಒಂದು ಚಂಡಮಾರುತ ನಿಂತಿದೆ, ಅದರೊಳಕ್ಕೆ ನಮ್ಮವರ ವಿಮಾನ ಹೋಗಿದೆ, ಅಲ್ಲಿಂದ ಮಾತು ಬರುವ ತನಕ ನನಗೆ ಬೇರೆ ಕೆಲಸವಿಲ್ಲ.

ಚಂಡಮಾರುತದೊಳಕ್ಕೆ ವಿಮಾನ ಏಕೆ ಹೋಗಬೇಕು ಎಂದು ನೀವು ಕೇಳಬಹುದು. ಹೊರಗಿನಿಂದ ನೋಡಿದರೆ ಅದರ ಮೈ ಮಾತ್ರ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ನಡುವೆ ಗಾಳಿಯ ಒತ್ತಡ ಎಷ್ಟು ಕುಸಿದಿದೆ ಎಂಬುದರ ಮೇಲೆ ಅದರ ಮನಸ್ಸು ನಿಂತಿದೆ. ಒತ್ತಡ ತೀರಾ ಕುಸಿದಿದ್ದರೆ ಅದು ಎತ್ತರಕ್ಕೆ ಬೆಳೆದ ಗಾಳಿ, ಮೇಲಿನ ಆಕಾಶದ ಗಾಳಿ ಅದನ್ನು ನಮ್ಮ ಕರಾವಳಿಗೆ ತಳ್ಳಿಕೊಂಡು ಬರುತ್ತದೆ. ಅಷ್ಟು ಕುಸಿಯದಿದ್ದರೆ ಅದು ಗಿಡ್ಡ ಗಾಳಿ, ಕೆಳಗಿನ ಗಾಳಿಯ ಜೊತೆ ಪಶ್ಚಿಮಕ್ಕೆ ಸಾಗಿ ಎಲ್ಲೋ ಮರುಭೂಮಿಗೆ ನೀರುಣಿಸಿ ಸಾಯುತ್ತದೆ. ಇದನ್ನು ಒಳಗೆ ಹೋಗಿ ಅಳೆಯುವುದೇ ನಮ್ಮ ಉದ್ಯೋಗ. ಆಳಿಲ್ಲದ ವಿಮಾನಗಳನ್ನು ಕಳಿಸಿಯೂ ನೋಡಿದ್ದಾಯಿತು. ಅವು ಚೆನ್ನಾಗಿಯೇ ಅಳೆದವು. ಆದರೆ ಯಂತ್ರದ ದನಿಯಲ್ಲಿ ‘ದಯವಿಟ್ಟು ಮನೆ ಖಾಲಿ ಮಾಡಿ’ ಎಂದರೆ ನಮ್ಮ ಜನ ‘ಆಯ್ತು ಕಾಂಬ’, ಅಂದರೆ ನೋಡೋಣ, ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಒಳಗೆ ಕೂತವಳು ಪರಿಚಯದವಳಾದರೆ ಮಾತ್ರ ಎದ್ದು ಕೂರುತ್ತಾರೆ. ಹಾಗಾಗಿ ಪ್ರತಿ ದೊಡ್ಡ ಬಂದರಿನಿಂದಲೂ ಒಂದೊಂದು ತಂಡ ಹಾರುತ್ತದೆ.

ನಮ್ಮ ವಿಮಾನಕ್ಕೆ ಎಮ್ಮೆ ಎಂದು ಹೆಸರು. ಸರ್ಕಾರ ಇಟ್ಟ ಹೆಸರು ಬೇರೆ, ಅದು ಯಾರಿಗೂ ಬಾಯಿಗೆ ಬರುವುದಿಲ್ಲ. ಕಪ್ಪಗೆ, ದಪ್ಪಗೆ, ನಿಧಾನಕ್ಕೆ ಹೋಗುವ, ಎಂಥ ಮಳೆಗೂ ಮೈ ಕೊಡವದ ವಿಮಾನವನ್ನು ಇನ್ನೇನೆಂದು ಕರೆಯಬೇಕು? ಅದರ ಎಂಜಿನ್‌ಗಳು ಸದ್ದು ಮಾಡುವುದಿಲ್ಲ, ನಿಮ್ಮ ಕಾಲದವರಂತೆ ಕಿವಿ ಮುಚ್ಚಿಕೊಂಡು ಕೂರಬೇಕಾಗಿಲ್ಲ. ಅದರ ಹೊಟ್ಟೆಯಲ್ಲಿ ಎರಡು ಕೊಳವೆಗಳಿವೆ. ಆ ಕೊಳವೆಗಳಿಂದ ಪುಟ್ಟ ಕೊಡೆ ಕಟ್ಟಿದ ಅಳತೆಯ ಉಪಕರಣಗಳನ್ನು ಕೆಳಕ್ಕೆ ಬಿಡುತ್ತೇವೆ. ಅವು ಬೀಳುತ್ತ ಬೀಳುತ್ತ ಗಾಳಿ, ತೇವ, ಒತ್ತಡಗಳನ್ನು ಅಳೆದು ಹೇಳಿ ಕಡಲು ಸೇರುತ್ತವೆ. ಎಮ್ಮೆ ಹಾಕುವುದು ಕರುವನ್ನೇ ತಾನೆ, ಅದಕ್ಕೆ ಅವು ಕರುಗಳು. ಕರು ಹಾಕಿಸುವವಳು ನಾನು, ಆದ್ದರಿಂದ ನನ್ನ ಹುದ್ದೆಯ ಹೆಸರು ಸೂಲಗಿತ್ತಿ. ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಇದಕ್ಕಿಂತ ಸಂತೋಷದ ಕೆಲಸ ಲೋಕದಲ್ಲಿದೆ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ತಯಾರು.

ಸಂತೋಷ ಎಂದೆನೆಂದು ಅದನ್ನು ಆಟ ಎಂದುಕೊಳ್ಳಬೇಡಿ. ಚಂಡಮಾರುತದ ನಡುವಿನ ಶಾಂತವಾದ ಜಾಗಕ್ಕೆ ಕಣ್ಣು ಎನ್ನುತ್ತಾರೆ, ನಿಮಗೂ ಗೊತ್ತಿರಬೇಕು. ಆ ಕಣ್ಣನ್ನು ಮುಟ್ಟಬೇಕಾದರೆ ಅದರ ಸುತ್ತಲಿನ ಮೋಡದ ಗೋಡೆಯನ್ನು ದಾಟಬೇಕು. ಗೋಡೆಯೊಳಗೆ ಎಮ್ಮೆ ಹಗ್ಗ ಕಡಿದ ಕೊಡಪಾನದ ಹಾಗೆ ಕೆಳಕ್ಕೆ ಬೀಳುತ್ತದೆ, ಮರುಕ್ಷಣ ಯಾರೋ ಒದ್ದ ಹಾಗೆ ಮೇಲಕ್ಕೇಳುತ್ತದೆ. ಆಲಿಕಲ್ಲು ರೆಕ್ಕೆಯ ಅಂಚನ್ನು ಜಜ್ಜುತ್ತದೆ. ಉಪ್ಪು ಎಂಜಿನ್ ಸೇರಿ ಕಚ್ಚುತ್ತದೆ. ಎತ್ತರ ತೋರಿಸುವ ಮುಳ್ಳು ಸುಳ್ಳು ಹೇಳಲು ಶುರು ಮಾಡುತ್ತದೆ. ನನ್ನ ಕಾಲದಲ್ಲೇ ರತ್ನಗಿರಿಯ ತಂಡದ ಎಮ್ಮೆಯೊಂದು ಗೋಡೆಯೊಳಕ್ಕೆ ಹೋದದ್ದು ಆಚೆ ಬದಿಗೆ ಬರಲೇ ಇಲ್ಲ. ಅದರಲ್ಲಿದ್ದ ಮೂವರೂ ನನಗೆ ಗೊತ್ತಿದ್ದವರು. ಅವರಲ್ಲಿ ಒಬ್ಬಳು ನನಗೆ ಮೀನಿನ ಸಾರಿಗೆ ಕೋಕಂ ಹಾಕುವುದನ್ನು ಕಲಿಸಿದ್ದಳು. ಈಗಲೂ ಕೋಕಂ ಹಾಕುವಾಗಲೆಲ್ಲ ಅವಳ ಹೆಸರು ಹೇಳುತ್ತೇನೆ.

ಕಣ್ಣಿನೊಳಗೆ ಹೋದ ಮೇಲೆ ಊಟ ಮಾಡುವುದು ನಮ್ಮ ಪದ್ಧತಿ. ಅದಕ್ಕೆ ಕಣ್ಣೂಟ ಎನ್ನುತ್ತೇವೆ. ಯಾರು ಶುರು ಮಾಡಿದರೋ ಗೊತ್ತಿಲ್ಲ, ಬಿಟ್ಟರೆ ಮಾತ್ರ ಕೇಡು ಎಂದು ಎಲ್ಲರಿಗೂ ಗೊತ್ತು. ಸುತ್ತಲೂ ಆಕಾಶದೆತ್ತರದ ಬಿಳಿ ಗೋಡೆ, ನಡುವೆ ಬಿಸಿಲು, ಎಮ್ಮೆ ಸುತ್ತು ಹಾಕುತ್ತಿರುತ್ತದೆ, ನಾವು ಬಾಳೆಲೆ ಬಿಡಿಸುತ್ತೇವೆ. ಮೊದಲ ತುತ್ತು ರತ್ನಗಿರಿಯವರ ಹೆಸರಿನಲ್ಲಿ ಬದಿಗಿಡುತ್ತೇವೆ. ಆಮೇಲೆ ತಿನ್ನುತ್ತೇವೆ. ಗೋಡೆ ದಾಟಿ ಬದುಕಿ ಬಂದವರ ಹಸಿವು ಎಂಥದ್ದು ಎಂದು ನಿಮಗೆ ಹೇಗೆ ತಿಳಿಸಲಿ? ಉಪ್ಪಿನಕಾಯಿ ನೆಕ್ಕಿದರೂ ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಗುತ್ತದೆ.

ಈಗ ನನ್ನ ತಾಯಿಯ ವಿಷಯಕ್ಕೆ ಬರುತ್ತೇನೆ, ಕಥೆ ಇರುವುದೇ ಅಲ್ಲಿ. ನಮ್ಮ ಕರಾವಳಿಯ ಪ್ರತಿ ಮನೆಗೂ ಗುಡ್ಡದ ಮೇಲೆ ಇನ್ನೊಂದು ಮನೆಯಿದೆ, ಅದು ಮೇಲ್ಮನೆ. ಗಾಳಿ ಬರುವುದು ಖಚಿತವಾದರೆ ಊರಿಗೆ ಊರೇ ಬೀದಿ ತುದಿಯ ಏರುಬಂಡಿ ಹತ್ತಿ ಮೇಲ್ಮನೆಗೆ ಹೋಗುತ್ತದೆ. ಒಂದು ಕಾಲದಲ್ಲಿ ಗಟ್ಟಿಗಾಲಿನವರು ಮೊದಲು ಓಡಿ, ಮುದುಕರು ಕೆಳಗೇ ಉಳಿದು ಕಡಲು ಪಾಲಾಗಿದ್ದರಂತೆ. ಆ ನಾಚಿಕೆಯಿಂದ ಹುಟ್ಟಿದ ಕಟ್ಟಳೆ ಹಿರಿಹೆಜ್ಜೆ. ಬೀದಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರು ಬಂಡಿಗೆ ಕಾಲಿಡುವ ತನಕ ಉಳಿದವರು ಯಾರೂ ಹತ್ತುವ ಹಾಗಿಲ್ಲ. ಒಳ್ಳೆಯ ಕಟ್ಟಳೆ. ಆದರೆ ಅದನ್ನು ಮಾಡಿದವರಿಗೆ ನನ್ನ ತಾಯಿ ಅಕ್ಕಮ್ಮನ ಪರಿಚಯವಿರಲಿಲ್ಲ.

ಬಂಗುಡೆ ಚಂಡಮಾರುತ ಎದ್ದ ವರ್ಷ ನಮ್ಮ ಬೀದಿಗೆ ಅವಳೇ ಹಿರಿಯಳು. ಹೌದು, ಬಂಗುಡೆ. ಆ ಸಲ ಹೆಸರಿಡುವ ಸರದಿ ಗಂಗೊಳ್ಳಿಯ ಶಾಲೆಯ ಮಕ್ಕಳದ್ದಾಗಿತ್ತು, ಅವರು ತಮಗೆ ಇಷ್ಟವಾದ ಮೀನಿನ ಹೆಸರಿಟ್ಟರು. ಮಸ್ಕತ್ತಿನ ವಾರ್ತೆ ಓದುವವನು ಅದನ್ನು ಉಚ್ಚರಿಸಲು ಪಟ್ಟ ಪಾಡು ಕೇಳಿ ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತ್ತು. ಆ ಬೇಸಗೆಯಲ್ಲಿ ಅಬ್ಬಿಯನ್ನು, ನಮ್ಮ ಕಡೆ ತಾಯಿಯನ್ನು ಕರೆಯುವುದೇ ಹಾಗೆ, ಅದಾಗಲೇ ಮೂರು ಸಲ ಗುಡ್ಡ ಹತ್ತಿಸಿದ್ದರು, ಮೂರು ಸಲವೂ ಗಾಳಿ ಬೇರೆಲ್ಲಿಗೋ ಹೋಗಿತ್ತು. ನಾಲ್ಕನೆಯ ಸಲ ಅವಳು ಚಾವಡಿಯಲ್ಲಿ ಕೂತುಬಿಟ್ಟಳು. ನಾನು ಹೊರಡುವ ಬೆಳಿಗ್ಗೆ ಕಡುಬಿನ ಗಂಟನ್ನೂ ಹಲಸಿನ ಹಣ್ಣಿನ ಪಾಯಸ ತುಂಬಿದ, ಹಿಡಿಯಿರುವ ದೊಡ್ಡ ತೂಕುಪಾತ್ರೆಯನ್ನೂ ನನ್ನ ಕೈಗಿಟ್ಟು, “ಯಾರ್ ಹೇಳಿರೂ ನಾನ್ ಏಳುದಿಲ್ಲೆ. ನೀನೇ ಒಳಗ್ ಹೋಯಿ, ಕಂಡ್, ನಿನ್ನ ಬಾಯಂಗೇ ಹೇಳ್. ಆಗ ಕಾಂಬ” ಎಂದಳು. ಅವಳ ಹಿಂದೆ ಬೀದಿಯ ಮುನ್ನೂರು ಜನ ಕಟ್ಟಿದ ಗಂಟು ಹಿಡಿದು ನಿಂತಿದ್ದರು. ಅವರು ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಎಮ್ಮೆಯಲ್ಲಿ ನಾವು ಮೂವರು. ಓಡಿಸುವವನು ಹೆರಿಯಣ್ಣ ತಿಂಗಳಾಯ, ಊಟದ ವಿಷಯ ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ಬಿಡದ ದೊಡ್ಡ ಹೊಟ್ಟೆಯ ಮನುಷ್ಯ. ಲೆಕ್ಕ ಬಿಡಿಸುವವಳು ಭಟ್ಕಳದ ಮುನೀರಾ, ಗಾಳಿಯ ಶಾಸ್ತ್ರ ಓದಿದವಳು. ಮೂರನೆಯವಳು ನಾನು. ಗೋಡೆ ದಾಟುವಾಗ ಆಲಿಕಲ್ಲು ಬಡಿದು ಎಡಗಡೆಯ ಕೊಳವೆಯ ಬಾಯಿ ನೆಗ್ಗಿ ಮುಚ್ಚಿಹೋಯಿತು. ಬಲಗಡೆಯದು ಸರಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಕಣ್ಣಿನೊಳಗೆ ಬಂದೆವು. ನಾನು ಬಲಗಡೆಯ ಕೊಳವೆಯ ಮುಚ್ಚಳ ತೆಗೆದು ಕರುವನ್ನು ಇಳಿಸಲು ಸಿದ್ಧ ಮಾಡುತ್ತಿದ್ದೆ. ಕರು ಹಾಕಿ ಆದ ಮೇಲೆ ಊಟ, ಅದು ಕ್ರಮ. ಹೆರಿಯಣ್ಣನಿಗೆ ಪಾಯಸದ ವಾಸನೆ ಬಂದಿತ್ತು. ಅವನು ಎಮ್ಮೆಯನ್ನು ತನ್ನಷ್ಟಕ್ಕೆ ಸುತ್ತಲು ಬಿಟ್ಟು ಹಿಂದಕ್ಕೆ ಬಂದು ತೂಕುಪಾತ್ರೆ ಎತ್ತಿದ. ಅದೇ ಹೊತ್ತಿಗೆ ಕಣ್ಣಿನೊಳಗೊಂದು ಸಣ್ಣ ಬೀಸುಗಾಳಿ ಬಂದು ಎಮ್ಮೆ ಮಗ್ಗುಲಾಯಿತು. ಬೆಲ್ಲ, ತೆಂಗಿನ ಹಾಲು, ಹಲಸಿನ ತೊಳೆ, ಗೋಡಂಬಿ ಎಲ್ಲವೂ ನೇರ ಕೊಳವೆಯೊಳಕ್ಕೆ ಹೋಯಿತು. ಕರು ಅರ್ಧ ದಾರಿಯಲ್ಲಿ ಅಂಟಿಕೊಂಡಿತು. ಎಳೆದರೆ ಬಾರದು, ತಳ್ಳಿದರೆ ಹೋಗದು. ಕೊಳವೆಯ ಕೆಳಬಾಗಿಲೂ ತೆರೆದಂತೆಯೇ ಕಚ್ಚಿಕೊಂಡಿತು. ಅಬ್ಬಿ ಯಾವ ಉತ್ತರಕ್ಕೆ ಕಾಯುತ್ತ ಕೂತಿದ್ದಳೋ ಆ ಉತ್ತರದ ಗಂಟಲನ್ನು ಅವಳ ಪಾಯಸವೇ ಕಟ್ಟಿಬಿಟ್ಟಿತ್ತು. ನಾವು ಮೂವರೂ ಮುಖ ಮುಖ ನೋಡಿಕೊಂಡು, ನಗಬಾರದ ಹೊತ್ತಿನಲ್ಲಿ ಬಿದ್ದು ಬಿದ್ದು ನಕ್ಕೆವು.

ನಗು ನಿಂತದ್ದು ಮುನೀರಾಳ ಮುಖ ನೋಡಿ. ಒತ್ತಡ ತಿಳಿಯದೆ ಮರಳಿದರೆ ಊರಿಗೆ ‘ಇರಬಹುದು, ಇಲ್ಲದಿರಬಹುದು’ ಎಂದು ಹೇಳಬೇಕು. ಅಂಥ ಮಾತಿಗೆ ನನ್ನ ತಾಯಿ ಏಳುವವಳಲ್ಲ, ಅವಳು ಏಳದೆ ಬೀದಿ ಏಳುವುದಿಲ್ಲ. ಹೆರಿಯಣ್ಣ ಕೈಗಂಟಿದ ಬೆಲ್ಲವನ್ನು ನೆಕ್ಕಿಕೊಂಡು ತನ್ನ ಸೀಟಿಗೆ ಹೋಗಿ ಕೂತ. “ಕರು ಹೋತಿಲ್ಲೆ ಅಂದ್ರೆ ಎಮ್ಮೆಯೇ ಹೋಯ್ಕ್” ಎಂದ. ಅಷ್ಟೇ ಅವನ ಭಾಷಣ. ಕರುವಿನ ಬದಲು ನಾವೇ ಕಡಲಿನ ಹತ್ತಿರಕ್ಕೆ ಇಳಿದು ವಿಮಾನದ ಮಾಪಕದಲ್ಲೇ ಒತ್ತಡ ನೋಡಬೇಕು ಎಂದು ಅದರ ಅರ್ಥ. ಅಷ್ಟು ಕೆಳಗಿಳಿಯುವುದನ್ನು ನಮ್ಮ ಕಾಲದಲ್ಲಿ ಎಂದೋ ನಿಲ್ಲಿಸಿದ್ದರು. ಏನಾದರೂ ತಪ್ಪಿದರೆ ತಿದ್ದಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ.

ಇಳಿದೆವು. ಕಣ್ಣಿನ ತಳದಲ್ಲಿ ಗಾಳಿಯಿಲ್ಲ, ಆದರೆ ಕಡಲಿಗೆ ಅದು ಗೊತ್ತಿಲ್ಲ. ನಾಲ್ಕೂ ದಿಕ್ಕಿನಿಂದ ಬಂದ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನೇರ ಮೇಲಕ್ಕೆ ಎದ್ದು ನಿಲ್ಲುತ್ತಿದ್ದವು. ಗೋಡೆಯೊಳಗೆ ಸಿಕ್ಕಿಕೊಂಡ ಕಡಲಹಕ್ಕಿಗಳು ಸಾವಿರಗಟ್ಟಲೆ ನಮ್ಮ ಸುತ್ತ ಹಾರುತ್ತಿದ್ದವು, ಪಾಪ, ಅವಕ್ಕೂ ಹೊರಗೆ ಹೋಗಲು ದಾರಿಯಿಲ್ಲ. ಒಂದು ಬಲಗಡೆಯ ಎಂಜಿನ್ನಿಗೆ ಬಡಿಯಿತು. ಎಂಜಿನ್ ಕೆಮ್ಮಿತು, ಆಮೇಲೆ ಅರ್ಧ ಬಲದಲ್ಲಿ ಕುಂಟುತ್ತ ತಿರುಗಿತು. ಆದರೂ ಸತ್ಯ ಹೇಳುತ್ತೇನೆ, ಅಷ್ಟು ಚಂದದ ನೋಟವನ್ನು ನಾನು ಮತ್ತೆ ಕಂಡಿಲ್ಲ. ಮುನೀರಾ ಮಾಪಕದ ಮೇಲೆ ಬಾಗಿ ಎರಡು ಸಲ ಓದಿದಳು. ನಂಬದೆ ಮೂರನೆಯ ಸಲ ಓದಿ ನನ್ನತ್ತ ತಿರುಗಿ, “ಗುಲಾಬಕ್ಕ, ಊರಿಗೆ ಹೇಳಿ. ಎತ್ತರದ ಗಾಳಿ, ಪೂರ್ವಕ್ಕೆ ತಿರುಗಿದೆ. ನಮ್ಮಲ್ಲಿಗೇ” ಎಂದಳು.

ಮತ್ತೆ ಗೋಡೆಯೊಳಗೆ ಹೊಕ್ಕರೆ ರೇಡಿಯೋ ಕೆಲಸ ಮಾಡುವುದಿಲ್ಲ. ಹೇಳುವುದಿದ್ದರೆ ಅಲ್ಲೇ, ಆ ಕೆಳಗೇ ಸುತ್ತು ಹಾಕುತ್ತ ಹೇಳಬೇಕು. ಗೋಡೆ ನೋಡನೋಡುತ್ತಲೇ ನಮ್ಮತ್ತ ಕಿರಿದಾಗುತ್ತಿತ್ತು. ಊರಿನ ಕಟ್ಟೆಯ ರೇಡಿಯೋವನ್ನು ಅಬ್ಬಿಯ ಮುಂದೆ ತಂದಿಟ್ಟಿದ್ದರು. ಅವಳು ಕೇಳಿದ ಮೊದಲನೆಯ ಮಾತು, “ಊಟ ಆಯ್ತಾ? ಪಾಯಸ ಹ್ಯಾಂಗಿತ್ತ್?”

“ಲಾಯ್ಕ್ ಇತ್ತ್ ಅಬ್ಬಿ. ಈಗ ಏಳ್. ಗಾಳಿ ನಮ್ಮನಿಗೇ ಬತ್ತಾ ಇತ್ತ್.”

“ಮೂರ್ ಸಲವೂ ಹೀಂಗೇ ಹೇಳಿರ್. ಒಂದ್ ತೆಂಗಿನ ಮಡಲೂ ಬೀಳಲಿಲ್ಲೆ. ನನ್ನ ಮೊಣಕಾಲ್ ನೋವ್ ಯಾರಿಗ್ ಗೊತ್ತಿತ್ತ್?”

ಹೆರಿಯಣ್ಣ ತಿರುಗಿ ನೋಡದೆಯೇ ಬೇಗ ಎಂದು ಕೈ ಆಡಿಸಿದ. ಅಷ್ಟರಲ್ಲಿ ಅಬ್ಬಿಯ ದನಿ ಬದಲಾಯಿತು. “ಗುಲಾಬಿ, ಅದೆಂತ ಶಬ್ದ?” ಎಂದಳು. ಪಾಯಸ ಕಚ್ಚಿ ತೆರೆದೇ ಉಳಿದ ಕೊಳವೆಯಿಂದ ಕಡಲಿನ ಅಬ್ಬರ ನನ್ನ ಕಾಲಬುಡಕ್ಕೇ ಬರುತ್ತಿತ್ತು. ಹುಟ್ಟಿದಾಗಿನಿಂದ ಕಡಲ ಸದ್ದು ಕೇಳಿದ ಕಿವಿ ಅವಳದು, ಅಲೆ ಎಷ್ಟು ಹತ್ತಿರವಿದೆ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. “ಕಡಲಾ ಅದ್? ಅಷ್ಟ್ ಕೆಳಗ್ ಎಂತಕ್ ಇಳ್ದೆ, ಹೆಣೆ?”

“ನೀ ಕೇಂಡದ್ಕೆ ಅಬ್ಬಿ” ಎಂದೆ. “ಕಂಡ್ ಹೇಳ್ ಅಂದ್ಯಲ್ಲೆ. ಕಾಂಬುಕೆ ಇಳ್ದೆ.”

ರೇಡಿಯೋದಲ್ಲಿ ಅವಳು ಕುರ್ಚಿ ಹಿಂದೆ ಸರಿಸಿದ ಸದ್ದು ಕೇಳಿತು. “ಆಯ್ತ್. ನಾನ್ ಹತ್ತತ್ತೆ. ನೀನೂ ಹತ್ತ್ ಮಗಾ. ನೀ ಮೊದ್ಲ್ ಹತ್ತ್” ಎಂದಳು. ಆ ದನಿಯಲ್ಲಿದ್ದ ಅಳುಕನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಹಿಂದೆ ಬೀದಿಯವರ ಗದ್ದಲ, ಏರುಬಂಡಿಯ ಗಂಟೆ, ಯಾರೋ ಅವಳ ಚೀಲಕ್ಕೆ ಕೈ ಹಾಕಿದ್ದಕ್ಕೆ ಅವಳು ಗದರಿದ್ದು ಎಲ್ಲ ಕೇಳಿತು. ನಾನು ಹೆರಿಯಣ್ಣನ ಹೆಗಲು ತಟ್ಟಿದೆ.

ಕುಂಟು ಎಂಜಿನ್ನಿನಲ್ಲಿ ಎಮ್ಮೆಯನ್ನು ಮೇಲೆತ್ತಿ ಗೋಡೆ ದಾಟಿಸಿದ್ದನ್ನು ನಾನು ವಿವರಿಸಲಾರೆ, ಹೆಚ್ಚಿನ ಹೊತ್ತು ನಾನು ಕಣ್ಣು ಮುಚ್ಚಿದ್ದೆ. ಗೋಡೆಯ ನಡುವೆ ಆ ಎಂಜಿನ್ ನಿಂತೇ ಹೋಯಿತು. ಬೀಳುತ್ತ ಬೀಳುತ್ತ ಹೋದೆವು, ಮುನೀರಾ ಗಟ್ಟಿಯಾಗಿ ದೇವರನ್ನು ಕರೆಯುತ್ತಿದ್ದಳು, ನಾನು ಎಲ್ಲರ ದೇವರನ್ನೂ ಕರೆಯುತ್ತಿದ್ದೆ. ಆಗ ಕೆಳಗಿನಿಂದ ಬಂದ ಗಾಳಿಯೊಂದು ನಮ್ಮನ್ನು ಎತ್ತಿ ಹೊರಗೆ ಎಸೆಯಿತು. ಹೊರಬಂದಾಗ ಹೆರಿಯಣ್ಣ ಬಾಯಿ ಬಿಟ್ಟು ಕೇಳಿದ್ದು ಒಂದೇ, “ಕಡುಬು ಉಳ್ದಿತ್ತಾ?” ಉಳಿದಿತ್ತು. ಗಾಳಿ ತಲುಪದ ಹುಬ್ಬಳ್ಳಿಯಲ್ಲಿ ಇಳಿಯುವ ತನಕ ಮೂವರೂ ಅದನ್ನು ತಿಂದೆವು, ಅಳುತ್ತ, ನಗುತ್ತ.

ಬಂಗುಡೆ ಅಂದೇ ರಾತ್ರಿ ಗಂಗೊಳ್ಳಿಯ ಮೇಲೆ ಬಂತು. ನಮ್ಮ ಬೀದಿಯ ಒಂದು ಸಾಲು ಮನೆಗಳೇ ಇಲ್ಲವಾದವು, ಅಬ್ಬಿ ಕೂತಿದ್ದ ಚಾವಡಿಯಲ್ಲಿ ಯಾರದೋ ದೋಣಿ ಬಂದು ಕೂತಿತ್ತು. ಒಬ್ಬರೂ ಸಾಯಲಿಲ್ಲ. ಇಳಿಯುವಾಗ ಕಟ್ಟಳೆ ತಿರುವುಮುರುವು, ಎಲ್ಲರಿಗಿಂತ ಕಿರಿಯರು ಮೊದಲು. ಬೀದಿಯ ಕಿರಿಯವನು ಇನ್ನೂ ಹೆಸರಿಡದ ಒಂದು ಕೂಸು. ಅದು ಹಾಲು ಕುಡಿದು ಮುಗಿಸುವ ತನಕ ಮುನ್ನೂರು ಜನ ಗುಡ್ಡದ ಮೇಲೆ ಕಾದರು. ನಾನು ಮರುದಿನ ಮಧ್ಯಾಹ್ನ ಅಲ್ಲಿಗೆ ತಲುಪಿದಾಗ ಅಬ್ಬಿ ನನ್ನ ಕೆನ್ನೆಗೆ ಒಂದು ಕೊಟ್ಟಳು. ಆಮೇಲೆ ಸಂಜೆಯಾಗುವ ತನಕ ಕೈ ಬಿಡಲಿಲ್ಲ. ಪಾಯಸಕ್ಕೇನಾಯಿತು ಎಂದು ಅವಳಿಗೆ ಹೇಳುವ ಧೈರ್ಯ ನಮ್ಮ ಮೂವರಲ್ಲಿ ಯಾರಿಗೂ ಬರಲೇ ಇಲ್ಲ.

ಅದಾಗಿ ನಲವತ್ತು ವರ್ಷ. ಅಬ್ಬಿ ಹೋಗಿ ಬಹಳ ಕಾಲವಾಯಿತು, ನಿದ್ದೆಯಲ್ಲಿ, ನೆಮ್ಮದಿಯಾಗಿ. ಈಗ ಬೀದಿಗೆ ಹಿರಿಯಳು ನಾನು. ಈ ಬೇಸಗೆಯಲ್ಲಿ ನನ್ನನ್ನೂ ಎರಡು ಸಲ ಸುಮ್ಮನೆ ಹತ್ತಿಸಿ ಇಳಿಸಿದ್ದಾರೆ, ನನಗೂ ಮೊಣಕಾಲಿದೆ. ಬೆಳಿಗ್ಗೆಯಿಂದ ಚಾವಡಿಯಲ್ಲಿ ಕೂತು ಇದನ್ನು ಬರೆಯುತ್ತಿರುವಾಗ, ಮೂವತ್ತು ವರ್ಷ ಅದರೊಳಕ್ಕೆ ಹಾರಿದ ನಾನೇ, ಅದು ಬಾರದೆಯೂ ಇರಬಹುದು ಎಂದು ನಾಲ್ಕು ಸಲ ಅಂದುಕೊಂಡೆ. ಕೂತ ಜಾಗ ಹಿತವಾಗಿದ್ದರೆ ಮನುಷ್ಯನಿಗೆ ಎಂಥ ಲೆಕ್ಕವೂ ತಪ್ಪಾಗಿಯೇ ಕಾಣುತ್ತದೆ. ನಿಮ್ಮ ಕಾಲದವರೂ ಎಚ್ಚರಿಕೆ ಕೇಳಿದ ಮೇಲೆ ದಡದಲ್ಲಿ ನಿಂತು ಅಲೆಯ ಫೋಟೋ ತೆಗೆಯುತ್ತಿದ್ದರಂತೆ. ಓದಿ ನಕ್ಕಿದ್ದೆ, ಇವತ್ತು ನಗು ಬರುತ್ತಿಲ್ಲ.

ಈಗ ರೇಡಿಯೋ ಬಂತು. ಸೇಸಿ ಪೂಜಾರ್ತಿ ಎಂಬ ಹುಡುಗಿ, ಈಗಿನ ಸೂಲಗಿತ್ತಿ. “ಅಜ್ಜಿ, ಕಂಡಾಯ್ತ್. ಈ ಸಲ ಹೌದ್. ಹೊರಡಿ” ಎಂದಳು. ದನಿ ಗಟ್ಟಿಯಾಗಿದೆ, ಉಸಿರು ಮಾತ್ರ ಮೇಲೆ ಕೆಳಗೆ ಆಗುತ್ತಿದೆ. ಅವಳು ಇನ್ನೂ ಗೋಡೆ ದಾಟಿ ಹೊರಬರಬೇಕು. ಬಾಗಿಲಲ್ಲಿ ಬೀದಿಯವರು ಮಕ್ಕಳನ್ನು ಎತ್ತಿಕೊಂಡು ನಿಂತಿದ್ದಾರೆ, ನನ್ನ ಕಾಲನ್ನೇ ನೋಡುತ್ತಿದ್ದಾರೆ.

ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಎಂದಾದರೊಂದು ದಿನ ನಿಮಗೂ ಏಳಿ, ಹೊರಡಿ ಎಂದು ಯಾರೋ ಹೇಳುತ್ತಾರೆ. ಹಿಂದೆ ಹಲವು ಸಲ ಅದು ಸುಳ್ಳಾಗಿರುತ್ತದೆ. ಆದರೂ ಏಳಿ. ನಮ್ಮೆಲ್ಲರಿಗಿಂತ ಹಿರಿಯರು ನೀವು. ನಾನು, ನನ್ನ ಅಬ್ಬಿ, ಹೆರಿಯಣ್ಣ, ಮುನೀರಾ, ಆ ಹೆಸರಿಡದ ಕೂಸು, ಮೇಲೆ ಗಾಳಿಯೊಳಗಿರುವ ಸೇಸಿ, ಎಲ್ಲರೂ ಇನ್ನೂ ಹುಟ್ಟದೆ ನಿಮ್ಮ ಬೆನ್ನ ಹಿಂದೆ ಸಾಲಾಗಿ ನಿಂತಿದ್ದೇವೆ. ನೀವು ಹೆಜ್ಜೆ ಇಡದೆ ನಾವು ಇಡುವ ಹಾಗಿಲ್ಲ.

ನಾನು ಎದ್ದೆ. ನೀವೂ ಏಳಿ.

ನಿಮ್ಮವಳು,
ಗುಲಾಬಿ ಕಾಂಚನ್